ಆಲಿಕಲ್ಲು ಕಾಯುವ ಥಾರ್ಗೆಯ ಕೂಲಿ

ಶೋಲ್ಮೊ ಊರಿನವರು ಥಾರ್ಗೆಗೆ ಹನ್ನೆರಡು ಮೂಟೆ ಜವೆಗೋಧಿ ಕೊಡುವುದು ಬಾಕಿ ಇದೆ. ತೂರಿ, ಕೇರಿ, ಕಲ್ಲು ಆರಿಸಿದ ಜವೆ. ಕೊಡಬೇಕಿದ್ದ ಸುಗ್ಗಿ ಕಳೆದು ಎಷ್ಟೋ ಸುಗ್ಗಿಗಳಾದವು. ಬೆಳೆದವರು ಅದನ್ನು ಹುರಿದು, ಬೀಸಿ, ಬೆಣ್ಣೆ ಚಹಾದಲ್ಲಿ ಕಲಸಿ ತಿಂದದ್ದಾಯಿತು. ಉಳಿದದ್ದನ್ನು ಕೊಳೆಹಾಕಿ ಹೆಂಡ ಮಾಡಿ ಕುಡಿದದ್ದಾಯಿತು. ಆ ಹೆಂಡದ ಅಮಲಿನಲ್ಲಿ ಥಾರ್ಗೆಯನ್ನೇ ಬೈದದ್ದೂ ಆಯಿತು. ಬಾಕಿ ಮಾತ್ರ ಹಾಗೇ ಇದೆ.

ಥಾರ್ಗೆಯದು ಆಲಿಕಲ್ಲು ಕಾಯುವ ಮನೆತನ. ಬೇರೆ ಊರಿನಲ್ಲಿ ಹೊಲ ಕಾಯುವವರು ದನವನ್ನು ಹೆದರಿಸುತ್ತಾರೆ, ಹಕ್ಕಿಯನ್ನು ಹೆದರಿಸುತ್ತಾರೆ. ಇವರು ಮೋಡವನ್ನು ಹೆದರಿಸಬೇಕು. ಶೋಲ್ಮೊ ಇರುವ ಗ್ಯಾಲುಂಗ್ ತಾಲೂಕೆಂದರೆ ಅಗಲ ಕಡಿಮೆ, ಎತ್ತರ ಜಾಸ್ತಿ. ಉಳುವ ನೆಲ ಅಂತ ಇರುವುದು ನದಿಯ ಎರಡೂ ದಡಕ್ಕೆ ಅಂಟಿಕೊಂಡ ಹರಕು ಪಟ್ಟಿಯಷ್ಟೆ. ಮಿಕ್ಕಿದ್ದೆಲ್ಲ ಎದ್ದು ನಿಂತ ನೆಲ. ಅದರ ಮೇಲೆ ಆಡು ನಿಲ್ಲುತ್ತದೆ, ಜವೆ ನಿಲ್ಲುವುದಿಲ್ಲ. ಚಳಿಗಾಲದ ಗಾಳಿ ನದಿಯ ಮರಳನ್ನೆಲ್ಲ ಎತ್ತಿ ತಂದು ಮನೆಯೊಳಗೆ ಸುರಿಯುತ್ತದೆ. ವಸಂತ ಬಂದಾಗ ಹೆಂಗಸರು ಅದನ್ನು ಗುಡಿಸಿ ಮತ್ತೆ ನದಿಗೆ ಹಾಕುತ್ತಾರೆ. ತಾಲೂಕಿನ ಭೂಗೋಳ ಇಷ್ಟು ವರ್ಷ ಜಾಗ ಬಿಟ್ಟು ಕದಲದಿರುವುದು ಹೀಗೆ, ಹೆಂಗಸರ ಪೊರಕೆಯಿಂದ.

ಮಳೆ ಬರುವುದೇ ಎರಡು ತಿಂಗಳು. ಅದು ಸಾಲುವುದಿಲ್ಲ ಅಂತ ಎಲ್ಲರೂ ಗೊಣಗುತ್ತಾರೆ. ಗಟ್ಟಿಯಾಗಿ ಬಂದರೆ ಇನ್ನೂ ಗೊಣಗುತ್ತಾರೆ. ಜವೆಯ ತೆನೆ ಹಾಲು ತುಂಬುವ ದಿನಗಳಲ್ಲಿ, ಸರಿಯಾಗಿ ಮಧ್ಯಾಹ್ನದ ಚಹಾ ಮುಗಿದ ಮೇಲೆ, ಉತ್ತರದ ಕಣಿವೆಬಾಯಿಂದ ಮೋಡವೊಂದು ತಲೆ ಹಾಕುತ್ತದೆ. ಹೊಟ್ಟೆಯ ಕೆಳಗೆ ಹಳೇ ತಾಮ್ರದ ಹಂಡೆಯ ಹಸಿರು. ಅದು ಹೊಲದ ಮೇಲೆ ಒಮ್ಮೆ ಕೊಡವಿಕೊಂಡರೆ ಸಾಕು, ವರ್ಷದ ಹಿಟ್ಟು ಕೆಸರಿನಲ್ಲಿ ಬಿದ್ದಿರುತ್ತದೆ.

ಅದಕ್ಕೇ ಥಾರ್ಗೆ ಬೇಕು. ಚಳಿಗಾಲವಿಡೀ ಅವನ ಹೆಂಡತಿ ಯುಡೊನ್ ಜೇಡಿಮಣ್ಣು ಕಲಸಿ ಮುಷ್ಟಿಯಷ್ಟು ದಪ್ಪದ ಉಂಡೆ ಕಟ್ಟುತ್ತಾಳೆ. ಥಾರ್ಗೆ ಒಲೆಯ ಪಕ್ಕ ಕೂತು ಒಂದೊಂದಕ್ಕೂ ಮಂತ್ರ ಊದುತ್ತಾನೆ. ನಡುನಡುವೆ ನಿದ್ದೆ ಹೋಗುತ್ತಾನೆ, ಉಂಡೆ ಮಾತ್ರ ಕೈಯಿಂದ ಬೀಳುವುದಿಲ್ಲ. ಬೇಸಿಗೆಗೆ ಉಂಡೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿನ ಮೇಲಿನ ಗುಡ್ಡದ ತಲೆಗೆ ಹೋಗಿ ಕಲ್ಲುಗೂಡಿನಲ್ಲಿ ಬಿಡಾರ ಹೂಡುತ್ತಾನೆ. ಮೋಡ ಕಂಡರೆ ಮೂಳೆಯ ಕಹಳೆ ಊದುತ್ತಾನೆ, ಅದರ ತಾಯಿಯ ನಡತೆಯ ಬಗ್ಗೆ ಕೆಟ್ಟದಾಗಿ ಮಾತಾಡುತ್ತಾನೆ, ಕವಣೆಯಲ್ಲಿ ಉಂಡೆ ಬೀಸುತ್ತಾನೆ. ಇಷ್ಟೆಲ್ಲ ಮಾಡುವವನಿಗೆ ಗುಡುಗೆಂದರೆ ಭಯ. ಗುಡುಗಿದಾಗ ಎರಡೂ ಕಿವಿಗೆ ಕುರಿಯುಣ್ಣೆ ತುರುಕಿಕೊಳ್ಳುತ್ತಾನೆ. ಕೇಳಿದರೆ, "ಅದು ನನ್ನನ್ನ ಬೈಯೋದು ನಂಗ್ಯಾಕೆ ಕೇಳ್ಬೇಕು? ನಾನು ಬೈಯೋದು ಅದಕ್ಕೆ ಕೇಳಿದ್ರೆ ಸಾಕು" ಎನ್ನುತ್ತಾನೆ.

ಆಲಿಕಲ್ಲಿನ ಕಾಲದಲ್ಲಿ ಊರಿಗೆ ಕಟ್ಟುಪಾಡುಗಳಿವೆ. ಹಿಡಿಸುವವನು ಥಾರ್ಗೆ. ಬುಗ್ಗೆಯ ನೀರಿನಲ್ಲಿ ತಲೆ ತೊಳೆಯಬಾರದು, ಉಣ್ಣೆ ತೊಳೆಯಬಾರದು, ಗುಡ್ಡದ ಕಲ್ಲು ಅಗೆಯಬಾರದು. ಮಾಡಿದರೆ ನೀರಿನ ನಾಗಗಳಿಗೆ ಸಿಟ್ಟು ಬಂದು ಮೋಡಕ್ಕೆ ಚಾಡಿ ಹೇಳುತ್ತವೆ. ತಪ್ಪಿದವರಿಗೆ ದಂಡ. ದಂಡ ಹಾಕುವುದೆಂದರೆ ಥಾರ್ಗೆಗೆ ಹಬ್ಬ. ಊರ ಮುಖ್ಯಸ್ಥ ಫುರ್ಬುವಿನ ತಾಯಿ ಬುಗ್ಗೆಯಲ್ಲಿ ತಲೆ ತೊಳೆದಳೆಂದು ಆ ಎಂಬತ್ತರ ಮುದುಕಿಯಿಂದ ಒಂದು ಮುದ್ದೆ ಬೆಣ್ಣೆ ಕಿತ್ತು, ಅವಳೆದುರಿಗೇ ಚಹಾಕ್ಕೆ ಹಾಕಿಕೊಂಡು ಕುಡಿದವನು ಅವನು. ಮುದುಕಿ ನಕ್ಕಳು. ಫುರ್ಬು ನಗಲಿಲ್ಲ.

ಕೂಲಿಯ ಲೆಕ್ಕ ಸರಳ. ಆಲಿಕಲ್ಲು ಬೀಳದಿದ್ದರೆ ಸುಗ್ಗಿಯಲ್ಲಿ ಮನೆಮನೆಯೂ ಪಾಲು ಕೊಡಬೇಕು. ಯಾರ ಹೊಲಕ್ಕೆ ಬಿತ್ತೋ ಅವರು ಕೊಡಬೇಕಾಗಿಲ್ಲ. ಬೇಕೆಂದೇ ಒಬ್ಬರ ಹೊಲಕ್ಕೆ ಕಳಿಸಿದ್ದು ರುಜುವಾತಾದರೆ, ಆ ಹೊಲದ ಬೆಳೆಯಷ್ಟು ದಂಡ ಅವನೇ ತೆರಬೇಕು.

ಈ ಕೂಲಿ ಆ ಮನೆತನಕ್ಕೆ ಯಾವ ಕಾಲದಲ್ಲೂ ಸರಿಯಾಗಿ ಸಿಕ್ಕಿದ್ದಿಲ್ಲ. ತಾತನ ಕಾಲದಲ್ಲಿ ಬಂಡೆಯ ಮೇಲಿನ ಕೋಟೆಯಲ್ಲಿ ಜಮೀನ್ದಾರನ ಪಾರುಪತ್ತೇಗಾರ ಇದ್ದ. ಆಕಾಶವೂ ಧಣಿಗಳದ್ದೇ ಅಂತ ಅವನು ಅರ್ಧ ಜವೆ ಹಿಡಿದುಕೊಳ್ಳುತ್ತಿದ್ದ. ಆಲಿಕಲ್ಲು ಬಿದ್ದರೆ ಮಾತ್ರ ಆಕಾಶ ತಾತನದ್ದಾಗುತ್ತಿತ್ತು, ಚಾವಟಿ ಏಟೂ ತಾತನದ್ದೇ. ಆಮೇಲೆ ಕೋಟೆ ಬಿತ್ತು. ಅದರ ತೊಲೆಗಳನ್ನು ಊರಿನವರು ಹೊತ್ತುಕೊಂಡು ಹೋಗಿ ದನದ ಕೊಟ್ಟಿಗೆ ಕಟ್ಟಿದರು. ಅಪ್ಪನ ಕಾಲಕ್ಕೆ ಹೊಲಗಳೆಲ್ಲ ಸಾಮೂಹಿಕವಾದವು, ಊರಿನವರು ತಂಡವಾಗಿ ದುಡಿದು ಕೂಲಿ ಪಡೆಯಬೇಕಾಯಿತು. ಮಂತ್ರ ಹಾಕುವುದು ಮೂಢನಂಬಿಕೆ ಅಂತ ಅಪ್ಪನಿಗೆ ಕಾಗದದ ಟೋಪಿ ಹಾಕಿ ಕಣದಲ್ಲಿ ನಿಲ್ಲಿಸಿ ಉಗಿಸಿದರು. ಜವೆಗೆ ಹಾಲು ತುಂಬುವ ಹೊತ್ತಿಗೆ ಅದೇ ತಂಡದ ನಾಯಕ ಅವನ ಕಿವಿಯಲ್ಲಿ, "ನಾಳೆಯಿಂದ ನೀನು ಗುಡ್ಡದ ಮೇಲೆ ಸೆಗಣಿ ಆರಿಸು. ಮೋಡ ಬಂದ್ರೆ ಅದಕ್ಕೂ ಒಂದು ಮಾತು ಹೇಳು. ಜೋರಾಗಿ ಬೇಡ" ಎಂದ. ಅಪ್ಪ ಬೇಸಿಗೆಯಿಡೀ ಮೋಡಕ್ಕೆ ಪಿಸುಗುಟ್ಟಿದ. ಸೆಗಣಿ ಕಡಿಮೆ ತಂದನೆಂದು ಕೂಲಿಯಲ್ಲಿ ಅರ್ಧ ಮುರಿದರು.

ಥಾರ್ಗೆಯ ಕಾಲಕ್ಕೆ ಹೊಲಗಳು ಮನೆಮನೆಗೆ ಹಂಚಿಕೆಯಾದವು. ಅವನು ಜಡೆ ಬಿಟ್ಟ, ಅಪ್ಪ ಗೋಡೆಯೊಳಗೆ ಬಚ್ಚಿಟ್ಟಿದ್ದ ಕಹಳೆಯನ್ನು ಹೊರತೆಗೆದ, ಹಾಡಹಗಲೇ ಗುಡ್ಡ ಹತ್ತಿದ. ಒಂದಷ್ಟು ವರ್ಷ ಪೂರ್ತಿ ಕೂಲಿ ಬಂತು. ಹೊಟ್ಟೆಯೂ ಬಂತು. ಅಷ್ಟರಲ್ಲಿ ಫಿರಂಗಿ ಬಂತು.

ತಾಲೂಕಿನಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಹಸಿರು ಬಣ್ಣ, ಉದ್ದ ಮೂತಿ. ಮೋಡದೊಳಗೆ ಗುಂಡು ಹಾರಿಸಿದರೆ ಆಲಿಕಲ್ಲು ಪುಡಿಯಾಗಿ ಮಳೆಯಾಗುತ್ತದಂತೆ. ಊರಿನಲ್ಲಿ ಎತ್ತರದ ಜಾಗ ಇರುವುದೊಂದೇ ಆದ್ದರಿಂದ ಥಾರ್ಗೆಯ ಕಲ್ಲುಗೂಡಿನ ಪಕ್ಕದಲ್ಲೇ ಅದನ್ನು ನಿಲ್ಲಿಸಿದರು. ಹಾರಿಸುವುದಕ್ಕೆ ಊರಿನವನೇ ಆದ ದಾಮ್ಡಿನ್‌ನನ್ನು ತಾಲೂಕಿಗೆ ಕರೆಸಿ ತರಬೇತಿ ಕೊಟ್ಟು, ಟೋಪಿ ಕೊಟ್ಟು, ತಿಂಗಳ ಸಂಬಳ ಗೊತ್ತುಮಾಡಿದರು. ಆಲಿಕಲ್ಲು ಬೀಳಲಿ ಬಿಡಲಿ ಸಂಬಳ ನಿಲ್ಲುವುದಿಲ್ಲ. ಇದನ್ನು ಕೇಳಿ ಥಾರ್ಗೆಗೆ ಆ ದಿನವೆಲ್ಲ ಊಟ ಸೇರಲಿಲ್ಲ.

"ಅಲ್ಲ ಕಣ್ಲಾ ದಾಮ್ಡಿನ್, ಕಲ್ಲು ಬಿದ್ರೂ ನಿಂಗೆ ಸಂಬಳ ಕೊಡ್ತಾರಾ?"

"ಕೊಡ್ತಾರೆ ಮಾವ."

"ಚಾವಟಿ ಏಟು?"

"ಏಟು ಕೊಡಲ್ಲ."

"ನಮ್ಮ ತಾತಂಗೆ ಗೊತ್ತಾಗಿದ್ರೆ ಅವನೂ ಫಿರಂಗಿನೇ ಹೊತ್ಕತಿದ್ದ."

ಇಬ್ಬರಿಗೂ ಜಗಳವೇನಿಲ್ಲ. ಒಂದೇ ಒಲೆಯಲ್ಲಿ ಚಹಾ ಕಾಯಿಸುತ್ತಿದ್ದರು. ಫಿರಂಗಿಗೆ ಒಂದು ಊನವಿತ್ತು. ಹಾರಿಸುವ ಮುಂಚೆ ತಾಲೂಕಿಗೆ ಫೋನು ಮಾಡಿ ಅಪ್ಪಣೆ ಪಡೆಯಬೇಕು, ಮೇಲೆ ವಿಮಾನ ಹೋಗುತ್ತಿದ್ದರೆ ಕಷ್ಟ. ಮೋಡ ಬರುವುದು ಮಧ್ಯಾಹ್ನದ ಮೇಲೆ. ತಾಲೂಕು ಕಚೇರಿಯವರು ಉಂಡು ಮಲಗುವುದೂ ಆಗಲೇ. ದಾಮ್ಡಿನ್ ಫೋನು ಹಿಡಿದು "ಹಲೋ, ಹಲೋ" ಎನ್ನುತ್ತಿರುವಾಗ ಥಾರ್ಗೆ ಪಕ್ಕದಲ್ಲಿ ಉಂಡೆ ಬೀಸುತ್ತಿದ್ದ. ಮೋಡ ಹೋದ ಮೇಲೆ ಅಪ್ಪಣೆ ಬರುತ್ತಿತ್ತು. ಬಂದ ಅಪ್ಪಣೆ ಹಾಳು ಮಾಡಬಾರದೆಂದು ದಾಮ್ಡಿನ್ ಬರಿ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದ. ಕೆಳಗೆ ಊರಿನವರು, "ಆಹಾ, ಏನು ಸದ್ದು" ಎಂದು ತಲೆದೂಗುತ್ತಿದ್ದರು.

ಸದ್ದಿನದೇ ತೊಂದರೆಯಾಯಿತು. ಮಣ್ಣಿನುಂಡೆಗೆ ಸದ್ದಿಲ್ಲ. ಸುಗ್ಗಿ ಹತ್ತಿರ ಬಂದಂತೆ ಫುರ್ಬು ಮನೆಮನೆಗೆ ಹೋಗಿ, "ಕಲ್ಲು ತಡೆದಿದ್ದು ಫಿರಂಗಿ. ಆ ಜಡೆಯವನಿಗೆ ಯಾಕೆ ಜವೆ ಅಳೀಬೇಕು?" ಎಂದು ಕಿವಿ ಊದತೊಡಗಿದ. ಹನ್ನೆರಡು ಮೂಟೆ ಉಳಿಯುತ್ತದೆಂದರೆ ಯಾರ ಕಿವಿ ತಾನೇ ಮುಚ್ಚಿರುತ್ತದೆ?

ಕೊಯ್ಲಿಗೆ ಇನ್ನೇನು ಕುಡುಗೋಲು ಮಸೆಯಬೇಕು, ಆಗ ಕಲ್ಲು ಬಿತ್ತು. ಹಾಳಾದ್ದು ಬಿದ್ದ ರೀತಿಯೇ ಬೇರೆ. ನದಿಯ ತಿರುವಿನಲ್ಲಿರುವ ಫುರ್ಬುವಿನ ದೊಡ್ಡ ಹೊಲದ ಮೇಲೆ ಮಾತ್ರ ಬಿತ್ತು. ಬದುವಿನ ಆಚೆ ವಿಧವೆ ಪಾಸಂಗ್‌ಳ ಬಟಾಣಿ ಗಿಡದ ಒಂದು ಹೂವೂ ಉದುರಲಿಲ್ಲ. ಊರಿನವರು ಬದುವಿನ ಮೇಲೆ ಸಾಲಾಗಿ ನಿಂತು, ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದರು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು.

ಆ ಹೊತ್ತಿನಲ್ಲಿ ಥಾರ್ಗೆ ಗುಡ್ಡದ ತಲೆಯ ಮೇಲೆ ಇರಲೇ ಇಲ್ಲ. ತಾಲೂಕಿನವರು ದಾಮ್ಡಿನ್‌ಗೆ ಕೊಟ್ಟಿದ್ದ ಡಬ್ಬಿ ಮಾಂಸವನ್ನು ಬೆಳಿಗ್ಗೆ ಪಾಲು ಕೇಳಿ ತಿಂದಿದ್ದ. ಮಧ್ಯಾಹ್ನಕ್ಕೆ ಹೊಟ್ಟೆಯಲ್ಲೇ ಗುಡುಗು ಶುರುವಾಗಿ, ಉತ್ತರದ ದೊಡ್ಡ ಬಂಡೆಯ ಹಿಂದೆ ಕೂತಿದ್ದ. ಮೋಡ ತಲೆಯ ಮೇಲೆ ಹೋಗುತ್ತಿರುವುದು ಕಾಣುತ್ತಿತ್ತು. ಕವಣೆ ಗೂಡಿನಲ್ಲಿತ್ತು. ಏಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ದಾಮ್ಡಿನ್ ಎಂದಿನಂತೆ "ಹಲೋ" ಎನ್ನುತ್ತಿದ್ದ.

ಥಾರ್ಗೆ ಬಿಳಿಚಿದ ಮುಖ ಹೊತ್ತು ಇಳಿದು ಬರುವಾಗ ಫುರ್ಬು ದಾರಿಯಲ್ಲೇ ಅಡ್ಡ ನಿಂತಿದ್ದ.

"ಏನ್ಲಾ ಥಾರ್ಗೆ, ಇಡೀ ಕಣಿವೇಲಿ ನನ್ನ ಹೊಲಾನೇ ಕಂಡಿದ್ದಾ ನಿಂಗೆ? ಕೂಲಿ ಕೊಡಲ್ಲ ಅಂದಿದ್ದಕ್ಕೆ ಹಿಂಗೆ ಮಾಡ್ದೆ. ನಮ್ಮವ್ವನ ಬೆಣ್ಣೆ ತಿಂದು ನನ್ನ ಜವೆ ಮೇಲೆ ಕಲ್ಲು ಸುರಿದ್ಯಲ್ಲೊ. ನಾಳೆ ಕಣದಲ್ಲಿ ಸಭೆ. ಬಾಯಿ ತಕ್ಕಂಡು ಬಾ."

ಥಾರ್ಗೆ ಉತ್ತರ ಕೊಡುವವನಿದ್ದ. ಹೊಟ್ಟೆ ಬಿಡಲಿಲ್ಲ. ಮತ್ತೊಂದು ಬಂಡೆ ಹುಡುಕಿಕೊಂಡು ಓಡಿದ. ಓಡಿದ್ದನ್ನು ಕಂಡವರು ಅಪರಾಧ ರುಜುವಾತಾಯಿತು ಅಂದುಕೊಂಡರು.

ಮನೆಯಲ್ಲಿ ಯುಡೊನ್ ಜವೆಯ ಗಂಜಿ ಕಾಯಿಸಿ ಮುಂದಿಟ್ಟಳು. ಅವನು ಬಟ್ಟಲು ಹಿಡಿದು ನರಳಿದ. "ನಿಜ ಹೇಳ್ಬುಡ್ತೀನಿ ಕಣೆ. ಬಂಡೆ ಹಿಂದೆ ಕುಂತಿದ್ದೆ ಅಂತ."

"ಹೇಳು," ಎಂದಳು ಯುಡೊನ್. "ನಿಮ್ಮ ತಾತ ಚಾವಟಿ ತಿಂದು ಉಳಿಸಿದ ಕಸುಬು. ನಿಮ್ಮಪ್ಪ ಟೋಪಿ ಹಾಕ್ಕಂಡು ಉಳಿಸಿದ ಕಸುಬು. ಹೋಗಿ ಕಣದ ಮಧ್ಯೆ ನಿಂತ್ಕಂಡು, ನಮ್ಮನೆ ಕಸುಬು ಹೊಟ್ಟೇಲಿ ನಿಲ್ಲದೆ ಹೊಂಟೋಯ್ತು ಅಂತ ಹೇಳು. ನಾಳೆಯಿಂದ ನಾನು ಉಂಡೆ ಕಟ್ಟೋದು ತಪ್ಪುತ್ತೆ. ನಂಗೇನು."

"ಕಳಿಸಿದ್ದು ನಾನೇ ಅಂದ್ರೆ ದಂಡ ಹಾಕ್ತಾರಲ್ಲೆ."

"ಒಂದು ಹೊಲದ ದಂಡ ಅಲ್ವಾ? ಮಿಕ್ಕ ಹೊಲಗಳೆಲ್ಲ ಉಳೀತಲ್ಲ, ಅದನ್ನ ಯಾರು ಉಳಿಸಿದ್ರು ಆಗ? ಒಂದು ಹೊಲಕ್ಕೆ ಕಳಿಸೋ ತಾಕತ್ತಿರೋನಿಗೆ ಮಿಕ್ಕಿದ್ದನ್ನ ತಡೆಯೋ ತಾಕತ್ತು ಇರಲ್ವಾ? ಕೂಲಿ ಕೊಡಲ್ಲ ಅನ್ನೋಕೆ ಬಾಯಿ ಬರುತ್ತಾ ಅವ್ರಿಗೆ?"

ಥಾರ್ಗೆ ಗಂಜಿ ಕುಡಿದು ಮುಗಿಸುವವರೆಗೂ ಯೋಚಿಸಿದ. ತಾನು ಮಾಡದೇ ಇದ್ದದ್ದನ್ನು ಒಪ್ಪಿಕೊಂಡರೆ ಕಸುಬು ಉಳಿಯುತ್ತದೆ. ನಿಜ ಹೇಳಿದರೆ ನಗೆಪಾಟಲು, ಜೊತೆಗೆ ಹಸಿವು. ನಿಜಕ್ಕೆ ಅಷ್ಟು ಬೆಲೆ ತೆರುವ ಶ್ರೀಮಂತ ಅವನಲ್ಲ.

ಬೆಳಿಗ್ಗೆ ಕಣದಲ್ಲಿ ಊರೆಲ್ಲ ಸೇರಿತ್ತು. ಫುರ್ಬು ಉದುರಿದ ತೆನೆಗಳನ್ನು ಬುಟ್ಟಿಯಲ್ಲಿ ತಂದು ಸತ್ತವರ ಹಾಗೆ ಸಾಲಾಗಿ ಮಲಗಿಸಿದ್ದ. ಥಾರ್ಗೆ ಜಡೆಗೆ ಬೆಣ್ಣೆ ಹಚ್ಚಿ, ಒಳ್ಳೆಯ ಅಂಗಿ ತೊಟ್ಟು ಬಂದು ನಡುವೆ ನಿಂತ.

"ಕಳಿಸಿದ್ದು ನಾನೇ," ಎಂದ.

ಒಪ್ಪಿಕೊಳ್ಳುತ್ತಾನೆಂದು ಫುರ್ಬುವೂ ಎಣಿಸಿರಲಿಲ್ಲ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿರುವುದು ನೋಡಿ ಥಾರ್ಗೆಗೆ ಉಮೇದು ಬಂತು. "ಮೋಡ ಇಡೀ ಊರಿನ ಮೇಲೇ ಬರ್ತಿತ್ತು. ಕೋಣನಂಗೆ ನುಗ್ತಿತ್ತು. ನಾನು ಕೊಂಬು ಹಿಡ್ದೆ. ಎಲ್ಲಾದ್ರೂ ಒಂದ್ಕಡೆ ಇಳಿಸ್ಲೇಬೇಕು ಅಂತು. ಯಾರ ಹೊಲಕ್ಕೆ ಇಳಿಸ್ಲಿ? ವಿಧವೆ ಹೊಲಕ್ಕಾ? ತಿನ್ನೋಕೆ ಇರೋನು ತಡ್ಕತಾನೆ ಅಂತ ಮುಖ್ಯಸ್ಥರ ಹೊಲ ತೋರಿಸ್ದೆ."

ವಿಧವೆ ಪಾಸಂಗ್ ಅಲ್ಲೇ ಅಡ್ಡಬಿದ್ದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ದಾಮ್ಡಿನ್‌ಗೆ ಡಬ್ಬಿ ಮಾಂಸದ ಕಥೆ ಗೊತ್ತಿತ್ತು. ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ, ಅವನ ಹೆಗಲು ಮಾತ್ರ ಕುಣಿಯುತ್ತಿತ್ತು.

"ಒಪ್ಕಂಡ," ಎಂದ ಫುರ್ಬು. "ಎಲ್ರೂ ಕೇಳಿದ್ರಲ್ಲ. ದಂಡ ಹಾಕಿ."

"ಹಾಕಿ," ಎಂದ ಥಾರ್ಗೆ. "ಒಂದು ಹೊಲದ್ದು ಕೊಡ್ತೀನಿ. ಮಿಕ್ಕ ಹೊಲದ್ದು ನೀವು ಅಳೀರಿ."

ಊರಿನ ಹಿರಿಯರು ಗಡ್ಡ ಕೆರೆದುಕೊಂಡು, ಸುಗ್ಗಿಯಾದ ಮೇಲೆ ದಂಡ ಕಳೆದು ಮಿಕ್ಕಿದ್ದು ಕೊಡೋಣ ಎಂದು ತೀರ್ಮಾನಿಸಿದರು. ಥಾರ್ಗೆ ಗೆದ್ದವನಂತೆ ಮನೆಗೆ ಬಂದ. ಆ ವಾರವೆಲ್ಲ ಜನ ಅವನ ನೆರಳು ತುಳಿಯದೆ ದಾರಿ ಬಿಟ್ಟರು.

ವಾರ ಮುಗಿಯುವ ಮುಂಚೆ ತಾಲೂಕಿನಿಂದ ಜೀಪು ಬಂತು. ಬೆಳೆ ಹಾಳಾದವರಿಗೆ ಪರಿಹಾರವಾಗಿ ಹಿಟ್ಟಿನ ಚೀಲ ಕೊಡುತ್ತಾರೆ, ಅರ್ಜಿ ಹಾಕಿದ್ದವನು ಫುರ್ಬು. ಕನ್ನಡಕದ ಅಧಿಕಾರಿಯೊಬ್ಬ ಹೊಲದ ಬದುವಿನ ಮೇಲೆ ನಿಂತು ಕೇಳಿದ, "ಇದೊಂದೇ ಹೊಲ ಹಾಳಾಗಿದೆ. ಹೆಂಗಾಯ್ತು?"

"ಪ್ರಕೃತಿ, ಸ್ವಾಮಿ," ಎಂದ ಫುರ್ಬು. "ಪ್ರಕೃತಿ ವಿಕೋಪ. ಯಾರ ಕೈಲೇನಿದೆ?"

ಗುಂಪಿನಲ್ಲಿದ್ದ ಥಾರ್ಗೆ ಇದನ್ನು ಕೇಳಿಸಿಕೊಂಡ. ಪ್ರಕೃತಿಯೇ ಮಾಡಿದ್ದೆಂದರೆ ಅವನ ಕಸುಬಿನ ಗತಿ? "ಪ್ರಕೃತಿ ಅಲ್ಲ ಸ್ವಾಮಿ," ಎಂದು ಮುಂದೆ ನುಗ್ಗಿದ. "ನಾನು ಕಳಿಸಿದ್ದು. ಊರೇ ತೀರ್ಮಾನ ಮಾಡಿದೆ. ಕೇಳಿ ಬೇಕಾದ್ರೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ಅವನ ಜಡೆ ನೋಡಿದ, ಊರಿನವರ ಕಡೆ ನೋಡಿದ. "ಹೌದೇನ್ರಪ್ಪಾ?"

ಊರಿನವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಅಡ್ಡಬಿದ್ದಿದ್ದ ಪಾಸಂಗ್ ಕೂಡ ಬಟಾಣಿ ಬಿಡಿಸುವುದರಲ್ಲಿ ಮುಳುಗಿದಳು.

"ಅವನಿಗೆ ತಲೆ ನೆಟ್ಟಗಿಲ್ಲ ಸ್ವಾಮಿ," ಎಂದ ಫುರ್ಬು. "ಅವರಪ್ಪನೂ ಹಂಗೇ. ಗುಡ್ಡದ ಮೇಲೆ ಮಾತಾಡ್ಕಂಡು ಓಡಾಡ್ತಿದ್ದ. ಊರೇ ಸಾಕ್ತಿದೀವಿ."

ಹಿಟ್ಟಿನ ಚೀಲಗಳು ಬಂದವು. ಫುರ್ಬುವಿನ ಮನೆಯ ಅಟ್ಟ ತುಂಬಿತು. ಸುಗ್ಗಿ ಮುಗಿದ ಮೇಲೆ ಥಾರ್ಗೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಅವನ ಬಾಗಿಲಿಗೆ ಹೋದ.

"ಯಾವ ಜವೆ?" ಎಂದ ಫುರ್ಬು. "ನನ್ನ ಹೊಲ ಅಂದ್ರೆ ಊರಿಗೇ ಒಳ್ಳೆ ಹೊಲ. ಅದರ ದಂಡ ಕಳೆದ್ರೆ ನಿಂಗೆ ಬರೋದು ಏನೂ ಉಳಿಯಲ್ಲ."

"ತಾಲೂಕಿನವರ ಮುಂದೆ ಯಾರೂ ಕಳಿಸಿಲ್ಲ ಅಂದ್ಯಲ್ಲಯ್ಯ."

"ಅದು ತಾಲೂಕಿನ ಮಾತು. ಇದು ಊರಿನ ಮಾತು. ಎರಡನ್ನೂ ಕಲಸ್ಬೇಡ."

"ಅಲ್ಲಿ ಹಿಟ್ಟು ತಗಂಡೆ, ಇಲ್ಲಿ ಜವೆ ಹಿಡ್ಕಂಡೆ. ಒಂದೇ ಕಲ್ಲು ಎರಡು ಸಲ ಬಿತ್ತೇನಯ್ಯಾ ನಿನ್ನ ಹೊಲಕ್ಕೆ?"

ಫುರ್ಬು ಬಾಗಿಲು ಹಾಕಿಕೊಂಡ. ಥಾರ್ಗೆ ಮಿಕ್ಕ ಮನೆಗಳಿಗೂ ಹೋದ. ಎಲ್ಲರೂ ಕೂರಿಸಿ ಚಹಾ ಕೊಟ್ಟರು. "ನಮ್ದೇನೂ ಅಡ್ಡಿಯಿಲ್ಲ ಥಾರ್ಗೆ, ಮುಖ್ಯಸ್ಥರು ಹೂಂ ಅನ್ಲಿ" ಎಂದರು. ಹೊಟ್ಟೆ ತುಂಬ ಚಹಾ ಕುಡಿದು, ಖಾಲಿ ಚೀಲ ಹಾಗೇ ತಂದ. ಯುಡೊನ್ ಚೀಲ ಕೊಡವಿ ನೋಡಿದಳು. ಆ ವರ್ಷ ಚಳಿಗಾಲದಲ್ಲಿ ಅವಳು ಮಣ್ಣು ಮುಟ್ಟಲಿಲ್ಲ.

ಮರುವರ್ಷ ಜವೆಗೆ ಹಾಲು ತುಂಬಿತು. ಥಾರ್ಗೆ ಗುಡ್ಡ ಹತ್ತಲಿಲ್ಲ. ಮನೆಯ ಮಾಳಿಗೆಯ ಮೇಲೆ, ಊರೆಲ್ಲರಿಗೂ ಕಾಣುವ ಹಾಗೆ, ಕಂಬಳಿ ಹಾಸಿಕೊಂಡು ಹೆಂಡದ ಮಡಕೆ ಇಟ್ಟುಕೊಂಡು ಕೂತ. ಮೊದಲ ಕೆಲವು ದಿನ ಜನ ನಕ್ಕರು. ಫಿರಂಗಿ ಇದೆಯಲ್ಲ ಎಂದರು. ಒಂದು ಮಧ್ಯಾಹ್ನ ಉತ್ತರದ ಕಣಿವೆಬಾಯಲ್ಲಿ ಹಸಿರು ಹೊಟ್ಟೆ ಕಾಣಿಸಿತು. ಗುಡ್ಡದ ಮೇಲಿಂದ ದಾಮ್ಡಿನ್‌ನ "ಹಲೋ, ಹಲೋ" ಗಾಳಿಯಲ್ಲಿ ತೇಲಿ ಬಂತು. ನಗು ನಿಂತಿತು.

ಗಂಡಸರು ಓಡಿ ಬಂದರು. ಮುಂದೆ ಫುರ್ಬುವೇ ಇದ್ದ. "ಇಳಿಯೋ ಮಾರಾಯ. ಆಮೇಲೆ ಮಾತಾಡೋಣ."

"ಜವೆ ಎಲ್ಲಿ?"

"ಮೋಡ ಬಂತಲ್ಲೋ."

"ಪ್ರಕೃತಿ ಅದು. ಯಾರ ಕೈಲೇನಿದೆ?" ಎಂದು ಥಾರ್ಗೆ ಇನ್ನೊಂದು ಗುಟುಕು ಕುಡಿದ.

ನಾಲ್ಕು ಜನ ಏಣಿ ಹತ್ತಿ ಅವನನ್ನು ಕಂಬಳಿಯ ಸಮೇತ ಎತ್ತಿದರು. ತನಗೆ ಜವೆ ಬಾಕಿ ಉಳಿಸಿಕೊಂಡವರ ಹೆಗಲ ಮೇಲೆ ಅವನು ಗುಡ್ಡ ಹತ್ತಿದ. ಪ್ರತಿ ತಿರುವಿನಲ್ಲೂ "ಜವೆ ಎಲ್ಲಿ?" ಎಂದು ಕೂಗುತ್ತಿದ್ದ. ಹೊತ್ತವರು ಏದುಸಿರಿನಲ್ಲಿ "ಕೊಡ್ತೀವಿ, ಕೊಡ್ತೀವಿ" ಎನ್ನುತ್ತಿದ್ದರು. ಹಿಂದೆ ಯುಡೊನ್ ಏನೂ ಹೊರದೆ ಕೈಬೀಸಿಕೊಂಡು ಬರುತ್ತಿದ್ದಳು.

ಕಲ್ಲುಗೂಡಿನ ಮುಂದೆ ಇಳಿಸಿದಾಗ ಥಾರ್ಗೆ ಎರಡೂ ಕೈಗಳನ್ನು ಅಂಗಿಯ ಉದ್ದ ತೋಳಿನೊಳಗೆ ಎಳೆದುಕೊಂಡು ಕೂತುಬಿಟ್ಟ. ಬೇಡಿಕೊಂಡರು, ಬೈದರು, ಕೈಗೆ ಕವಣೆ ತುರುಕಲು ನೋಡಿದರು. ತೋಳಿನಿಂದ ಬೆರಳೂ ಹೊರಬರಲಿಲ್ಲ. ಕೊನೆಗೆ ಫುರ್ಬುವೇ ಗೂಡಿನ ಮೂಲೆಯಲ್ಲಿ ಉಳಿದಿದ್ದ ಹಳೇ ಉಂಡೆಗಳನ್ನು ತೆಗೆದು ಬೀಸಿದ. ಮೊದಲನೆಯದು ಫಿರಂಗಿಗೆ ಬಡಿಯಿತು, ಎರಡನೆಯದು ದಾಮ್ಡಿನ್‌ಗೆ. ಊರಿನ ದೊಡ್ಡ ಮನುಷ್ಯರೆಲ್ಲ ಮೋಡದ ತಾಯಿಯ ಬಗ್ಗೆ ತಮಗೆ ತೋಚಿದ್ದನ್ನು ಕೂಗಿದರು. ಮೋಡ ಒಂದಷ್ಟು ಹೊತ್ತು ನಿಂತಿತು. ಆಮೇಲೆ ಪೂರ್ವಕ್ಕೆ ಹೊರಳಿ, ಆಡುಗಳೂ ಹೋಗದ ಕಲ್ಲಿನ ಇಳಿಜಾರಿನ ಮೇಲೆ ತನ್ನದೆಲ್ಲ ಸುರಿದು ಹೋಯಿತು.

ಎಲ್ಲರೂ ಮಣ್ಣು ಮೆತ್ತಿದ ಕೈ ನೋಡಿಕೊಂಡು ನಕ್ಕರು. ಇಳಿಯುವಾಗ ಥಾರ್ಗೆಯನ್ನು ಯಾರೂ ಹೊರಲಿಲ್ಲ.

"ನೋಡಿದ್ಯಾ," ಎಂದ ಫುರ್ಬು, ಬೆವರು ಒರೆಸಿಕೊಳ್ಳುತ್ತ. "ನಾವೇ ತಡೆದ್ವಿ. ಇದಕ್ಕೆ ಕೂಲಿ ಬೇರೆ ಕೊಡ್ಬೇಕಿತ್ತಾ?"

ಅವನು ಹಾಗಂದು ಬಹಳ ಕಾಲವಾಯಿತು. ಈಗ ಓದಿದವರು ನೀವು ಬಾಯಿ ಬಿಡಿ. ಫುರ್ಬುವಿನ ಹೊಲಕ್ಕೆ ಆಲಿಕಲ್ಲು ಕಳಿಸಿದ್ದು ಥಾರ್ಗೆಯೋ, ಅಲ್ಲವೋ? ಕಳಿಸಿದ್ದು ಅವನೇ ಅನ್ನುವಿರಾದರೆ, ಪ್ರಕೃತಿಯ ಹೆಸರಿನಲ್ಲಿ ತಿಂದ ಹಿಟ್ಟನ್ನು ಫುರ್ಬು ಅಟ್ಟದಿಂದ ಇಳಿಸಲಿ, ಮಿಕ್ಕ ಹೊಲ ಉಳಿಸಿದವನಿಗೆ ಊರು ಜವೆ ಅಳೆಯಲಿ. ಅವನಲ್ಲ ಅನ್ನುವಿರಾದರೆ, ಮಾಡದ ತಪ್ಪಿಗೆ ಹಿಡಿದ ಹನ್ನೆರಡು ಮೂಟೆಯನ್ನು ಅವನ ಬಾಗಿಲಿಗೆ ಹೊತ್ತು ಹಾಕಿ. ಎರಡರಲ್ಲಿ ಒಂದು ಆರಿಸಿ. ಎರಡನ್ನೂ ಆರಿಸಿಕೊಳ್ಳುವ ಹಕ್ಕು ಫುರ್ಬುಗೆ ಇರಲಿಲ್ಲ, ನಿಮಗೂ ಇಲ್ಲ. ಬೂಟು ನೋಡಿಕೊಳ್ಳಬೇಡಿ, ಉತ್ತರ ಕೊಡಿ.